ಜೂನ್ ಒಂದರಂದು ಹುಟ್ಟಿದ ಸಾಹಿತಿಗಳು

ಹೆಬ್ಬಗೋಡಿ,
೮ ಫೆಬ್ರವರಿ ೨೦೨೫

ಚನಬಸಪ್ಪ ಸರ್ ಅವರಿಗೆ,

ಗೋಣಿಕಟ್ಟಿ ಪ್ರಾಥಮಿಕ ಶಾಲೆಯ ನಿಮ್ಮ ಹಳೆಯ ವಿದ್ಯಾರ್ಥಿನಿ ಶಿವಗಂಗಾ ಕೈಮುಗಿದು ಬರೆಯುತ್ತಿದ್ದೇನೆ. ನೆನಪಿದೆಯೋ ಇಲ್ಲವೋ, ಕಿಟಕಿಯ ಪಕ್ಕ ಕೂತು ಎಡಗೈಯಲ್ಲಿ ಬರೆಯುತ್ತಿದ್ದವಳು. ನೀವು ಬೆತ್ತ ತೋರಿಸಿ ಬಲಗೈಗೆ ಬದಲಾಯಿಸಿದಿರಿ. ಈಗ ಎರಡೂ ಕೈಯಲ್ಲಿ ಬರೆಯುತ್ತೇನೆ, ಒಂದು ನೋಯುವಾಗ ಇನ್ನೊಂದು.

ಫೋನ್ ಮಾಡೋಣ ಎಂದುಕೊಂಡಿದ್ದೆ. ನಮ್ಮ ಜೊತೆಗೆ ವೆಲ್ಡಿಂಗ್ ಮಾಡುವ ಭರಮಪ್ಪಣ್ಣ ಬೇಡವೆಂದ. "ಮಾಸ್ತರಿಗೆ ಕಿವಿ ಕೇಳಂಗಿಲ್ಲ. ಏನ ಕೇಳಿದ್ರೂ ಊಟ ಆತು ಅಂತ ಹೇಳಿ ಇಡ್ತಾರ. ಪತ್ರ ಬರಿ." ಹಾಗಾಗಿ ಈ ಪತ್ರ.

ನಾನು ಇಲ್ಲಿ ಪಂಪ್ ತಯಾರಿಸುವ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದೇನೆ. ಗೇಟಿನ ಹತ್ತಿರ ಎರಡು ಹಲಗೆಗಳಿವೆ. ಒಂದರಲ್ಲಿ "ಅಪಘಾತವಿಲ್ಲದ ದಿನಗಳು" ಎಂದು ಬರೆದು ಸಂಖ್ಯೆ ಹಾಕುತ್ತಾರೆ. ಇನ್ನೊಂದು ನಮ್ಮ ಕನ್ನಡ ಸಂಘದ್ದು. ನನ್ನ ಅಕ್ಷರ ಚೆನ್ನಾಗಿದೆ ಎಂದು ಅದನ್ನು ನನಗೆ ವಹಿಸಿದ್ದಾರೆ. ದಿನಾ ಬೆಳಿಗ್ಗೆ ಪಾಳಿ ಶುರುವಾಗುವ ಮೊದಲು "ಸಾಹಿತ್ಯ ಚರಿತ್ರೆಯಲ್ಲಿ ಈ ದಿನ" ಎಂದು ಒಂದು ಸಂಗತಿ, ಅದರ ಕೆಳಗೆ "ಬರೆಯುವವರಿಗೆ ಒಂದು ಮಾತು" ಬರೆಯಬೇಕು. ಮೊದಲು ದೊಡ್ಡ ದೊಡ್ಡ ಕವಿಗಳ ಜನ್ಮದಿನ ಬರೆದೆ. ಯಾರೂ ನಿಂತು ಓದಲಿಲ್ಲ. ಅದೆಲ್ಲ ನಾನು ಸೀಮೆಸುಣ್ಣ ಹಿಡಿಯುವ ಮೊದಲೇ ಎಲ್ಲರ ಫೋನಿಗೂ ಬಂದಿರುತ್ತದೆ, ಹೂವಿನ ಚಿತ್ರದ ಸಮೇತ.

ಅದಕ್ಕೇ ನಮ್ಮವರದ್ದೇ ಬರೆಯೋಣ ಎಂದು ತೀರ್ಮಾನಿಸಿದೆ. ನಮ್ಮ ಸಂಘದಲ್ಲಿ ಬರೆಯುವವರು ಒಂಬತ್ತು ಜನ. ಭರಮಪ್ಪಣ್ಣ ಬಯಲಾಟದ ಪದ ಕಟ್ಟುತ್ತಾನೆ, ಗೇಟ್ ಕಾಯುವ ಈಶಪ್ಪಣ್ಣ ಚುಟುಕ ಬರೆಯುತ್ತಾನೆ, ಹೀಗೆ. ಒಬ್ಬರ ಬೆನ್ನಿಗೆ ಒಬ್ಬರು ಬಂದು ಸೇರಿದವರು, ಒಂಬತ್ತೂ ಜನ ಗೋಣಿಕಟ್ಟಿಯವರೇ. ನಾನು ಬರೆಯುವವಳಲ್ಲ, ಹಲಗೆ ಬರೆಯುವವಳು ಮಾತ್ರ. ಎಲ್ಲರಿಂದಲೂ ಹುಟ್ಟಿದ ದಿನ ಬರೆಸಿಕೊಂಡೆ. ಒಂಬತ್ತು ಚೀಟಿ ಬಂದವು. ಒಂಬತ್ತರಲ್ಲೂ ಜೂನ್ ಒಂದು.

ನನ್ನದೂ ಜೂನ್ ಒಂದೇ, ಸರ್.

ನಮ್ಮ ಎಚ್.ಆರ್. ಹರ್ಷವರ್ಧನ್ ಸಾರ್ ಇದೇ ಊರಿನ ಹುಡುಗ, ಒಳ್ಳೆಯವರೇ. ಆದರೆ ಆ ಹಲಗೆ ತೆಗೆದು ಅಲ್ಲೊಂದು ಟೀವಿ ಹಾಕುವ ಆಸೆ ಅವರಿಗೆ. "ನೋಡಿ ಶಿವಗಂಗಾ ಅವ್ರೇ, ಟೀವಿ ಹಾಕ್ಬಿಟ್ರೆ ಕೋಟ್ಸ್ ಎಲ್ಲಾ ಆಟೋಮ್ಯಾಟಿಕ್ಕಾಗಿ ಬರುತ್ತೆ, ನಿಮ್ಗೂ ಕೆಲ್ಸ ಕಮ್ಮಿ" ಎಂದರು. ನಾನು ಬೇಡಿಕೊಂಡ ಮೇಲೆ ಜೂನ್ ಒಂದರವರೆಗೆ ಸಮಯ ಕೊಟ್ಟಿದ್ದಾರೆ. ಅಷ್ಟರಲ್ಲಿ ಹಲಗೆಯ ಮುಂದೆ ಜನ ನಿಲ್ಲಬೇಕು, ಇಲ್ಲವಾದರೆ ಟೀವಿ. ಆ ಹಲಗೆ ಹೋದರೆ ನನಗೆ ದಿನವಿಡೀ ಪಂಪ್ ಮಾತ್ರ ಉಳಿಯುತ್ತದೆ, ಸರ್. ಅದನ್ನು ನೆನೆದರೆ ಸಂಕಟವಾಗುತ್ತದೆ.

ನಮ್ಮೆಲ್ಲರ ನಿಜವಾದ ಜನ್ಮದಿನ ಎಲ್ಲಾದರೂ ಬರೆದಿಟ್ಟಿದ್ದೀರಾ? ದಯವಿಟ್ಟು ತಿಳಿಸಿ.

ನಿಮ್ಮ ವಿದ್ಯಾರ್ಥಿನಿ,
ಶಿವಗಂಗಾ

---

ಗೋಣಿಕಟ್ಟಿ,
೧೬ ಫೆಬ್ರವರಿ ೨೦೨೫

ಚಿ. ಶಿವಗಂಗಾಳಿಗೆ ಚನಬಸಪ್ಪ ಮಾಸ್ತರನ ಆಶೀರ್ವಾದ.

ಪತ್ರ ತಲುಪಿತು. ಅಕ್ಷರ ದುಂಡಗಿದೆ. ವಿಷಯಕ್ಕೆ ಬರುವುದು ತಡವಾಯಿತು. ಹತ್ತಕ್ಕೆ ಆರು.

ಜೂನ್ ಒಂದರ ವಿಷಯ. ಶಾಲೆ ಶುರುವಾಗುವುದು ಜೂನ್ ಒಂದಕ್ಕೆ. ಅಂದು ಹುಟ್ಟಿದ ಮಗುವಿಗೆ ವಯಸ್ಸಿನ ತಕರಾರು ಬರುವುದಿಲ್ಲ. ನಿಮ್ಮ ಅಪ್ಪ ಅವ್ವಂದಿರನ್ನು ಕೇಳಿದರೆ ಒಬ್ಬರೂ ತಾರೀಖು ಹೇಳಿದವರಲ್ಲ. ಇನ್ಸ್‌ಪೆಕ್ಟರಿಗೆ ತಾರೀಖು ಬೇಕು. ನಾನೇನು ಮಾಡಲಿ? ಎಲ್ಲರಿಗೂ ಒಂದೇ ದಿನ ಹಂಚಿದೆ, ಪಂಕ್ತಿಭೇದ ಮಾಡಲಿಲ್ಲ. ಈಗ ದೊಡ್ಡವರಾಗಿ ತಕರಾರು ತೆಗೆಯುತ್ತೀರಿ. ನನ್ನ ಮಾಸ್ತರರು ನನಗೂ ಅದನ್ನೇ ಬರೆದರು. ನಾನು ತುಟಿ ಪಿಟಕ್ಕೆನ್ನಲಿಲ್ಲ.

ಬೇರೆ ದಾಖಲೆ ಯಾವುದೂ ಇಲ್ಲ. ಹುಡುಕುವುದೂ ಬೇಡ.

ಆದರೆ ನಿನ್ನ ಹಲಗೆಯ ಚಿಂತೆಗೆ ನನ್ನಲ್ಲಿ ಪರಿಹಾರವಿದೆ. ಜೂನ್ ಒಂದಕ್ಕೆ ಹತ್ತು ಜನ ಇದ್ದರೆ ಹಿರಿಯನಿಗೆ ಕೊಡುವುದು ಪದ್ಧತಿ. ಈ ಕೆಳಗಿನದನ್ನು ಇದ್ದ ಹಾಗೆ ಬರೆಯಬಹುದು:

"ಜೂನ್ ೧, ೧೯೪೮. ಯಲಬುರ್ಗಾ ಸೀಮೆಯ ಹಿರಿಯ ಕವಿ, ಶಿಕ್ಷಣತಜ್ಞ, ಮಿತಭಾಷಿ ಶ್ರೀ ಚನಬಸಪ್ಪನವರು ಜನಿಸಿದ ದಿನ. ಇವರ ಕವನ ಸಂಕಲನ 'ಮೂರನೆಯ ಗಂಟೆ' ವಿಮರ್ಶಕರ ಗಮನಕ್ಕೆ ಇನ್ನೂ ಬರಬೇಕಾಗಿದೆ."

ಸಂಕಲನದ ಒಂದು ಪ್ರತಿ ಇದರ ಜೊತೆಗಿದೆ. ಇನ್ನೂರು ಅಚ್ಚು ಹಾಕಿಸಿದ್ದೆ. ನೂರ ಎಂಬತ್ತು ಟ್ರಂಕಿನಲ್ಲಿವೆ, ಆದ್ದರಿಂದ ಜೋಪಾನ ಮಾಡುವ ಅಗತ್ಯವಿಲ್ಲ. ಬೇಕಾದರೆ ಇನ್ನಷ್ಟು ಕಳಿಸುತ್ತೇನೆ.

ಇತಿ,
ಚನಬಸಪ್ಪ, ನಿವೃತ್ತ ಮುಖ್ಯೋಪಾಧ್ಯಾಯ

---

ಹೆಬ್ಬಗೋಡಿ,
೫ ಮಾರ್ಚ್ ೨೦೨೫

ಸರ್ ಅವರಿಗೆ ಶರಣು.

ನಿಮ್ಮ ಪತ್ರ ಬಂದ ದಿನ ಮನೆಯ ಮಾಲೀಕರಾದ ನಾಗಲಕ್ಷ್ಮಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಮೂರನೇ ಮಹಡಿ ಹತ್ತಿ ಬಂದರು. "ಕೋರ್ಟ್ ಕಾಗ್ದ ಏನಾರಾ ಬಂದೈತಾ ಕಣವ್ವಾ? ಇಂಗೆಲ್ಲಾ ಬಂದ್ರೆ ನಮ್ಗೂ ತೊಂದ್ರೆ ಅಲ್ವಾ?" ಮಾಸ್ತರ ಪತ್ರ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಈ ಕಾಲದಲ್ಲಿ ಒಬ್ಬರಿಗೊಬ್ಬರು ಕಾಗದ ಬರೆಯುವುದು ಜಗಳವಿದ್ದಾಗ ಮಾತ್ರ ಎಂದು ಅವರ ಅಭಿಪ್ರಾಯ. ನಿಮ್ಮ ಪುಸ್ತಕ ತೋರಿಸಿದ ಮೇಲೆ ಸಮಾಧಾನವಾಯಿತು. ಒಂದು ಪದ್ಯ ಓದಿ ಕೆಳಗೆ ಹೋದರು.

ಇಲ್ಲಿ ಜೂನ್ ಒಂದಕ್ಕೆ ಈಗಿನಿಂದಲೇ ಯುದ್ಧ ಶುರುವಾಗಿದೆ. ಕೂಸು ಹುಟ್ಟುವ ಮುನ್ನ ಕುಲಾವಿ ಎನ್ನುತ್ತಾರಲ್ಲ, ಹಾಗೆ. "ನಾ ಹಿರ್ಯಾಂವ ಅದೀನಿ, ಆ ದಿನ ನಂದ" ಎನ್ನುತ್ತಾನೆ ಭರಮಪ್ಪಣ್ಣ. "ಹಲಗಿ ಇರೂದು ಗೇಟಿನಾಗ, ಗೇಟ್ ಕಾಯಾಂವ ನಾನು" ಎನ್ನುತ್ತಾನೆ ಈಶಪ್ಪಣ್ಣ. ಕಳೆದ ವಾರ ಕ್ಯಾಂಟೀನಿನಲ್ಲಿ ಇಬ್ಬರೂ ಎದ್ದು ನಿಂತು ಕೈ ಬೀಸುವಾಗ ಬಿಸಿ ಚಹಾ ಚೆಲ್ಲಿ ಈಶಪ್ಪಣ್ಣನ ಕೈ ಸ್ವಲ್ಪ ಕೆಂಪಾಯಿತು. ಅಪಘಾತವಿಲ್ಲದ ದಿನಗಳು ನೂರ ಐವತ್ತೆರಡು ಆಗಿದ್ದವು. ಇದನ್ನು ಅಪಘಾತವೆಂದು ಬರೆದರೆ ಲೆಕ್ಕ ಸೊನ್ನೆಗೆ ಬರುತ್ತದೆ ಎಂದು ಇಬ್ಬರೂ ಅಲ್ಲೇ ರಾಜಿಯಾದರು. ಸಾಹಿತ್ಯದ ಗಾಯವನ್ನು ಕಾರ್ಖಾನೆಯ ಗಾಯವೆಂದು ಲೆಕ್ಕ ಹಿಡಿಯಬಾರದು ಎಂದು ಈಶಪ್ಪಣ್ಣನೇ ಹೇಳಿದ.

ಇಷ್ಟೆಲ್ಲ ಆದ ಮೇಲೆ ಕ್ಯಾಲೆಂಡರ್ ನೋಡಿದೆ. ಈ ವರ್ಷ ಜೂನ್ ಒಂದು ಭಾನುವಾರ. ಕಾರ್ಖಾನೆಗೆ ರಜೆ. ಯಾರಿಗೂ ಹೇಳಿಲ್ಲ.

ನಿಮ್ಮ ಪುಸ್ತಕ ಪೂರ್ತಿ ಓದಿದೆ. ನೀವು ಯಾವಾಗಲೂ ನಿಜ ಹೇಳಬೇಕು ಎಂದು ಕಲಿಸಿದವರು, ಅದಕ್ಕೇ ಧೈರ್ಯ ಮಾಡಿ ಹೇಳುತ್ತೇನೆ. ಪುಸ್ತಕ ಈಗ ಕ್ಯಾಂಟೀನಿನಲ್ಲಿ ಅಲ್ಲಾಡುವ ಮೇಜಿನ ಕಾಲ ಕೆಳಗಿದೆ. ಅಲ್ಲಿಟ್ಟವಳು ನಾನಲ್ಲ, ತೆಗೆಯಲು ಹೋದಾಗ ಉಣ್ಣುತ್ತಿದ್ದವರು ಬಿಡಲಿಲ್ಲ. ಸೂರ್ಯನಿಗೆ ಬರೆದ ಹದಿನಾಲ್ಕು ಪದ್ಯಗಳು ನನಗೆ ಒಗ್ಗಲಿಲ್ಲ. ಆದರೆ ನಲವತ್ತನೇ ಪುಟದ ಆ ಚಿಕ್ಕ ಪದ್ಯ, "ಸೋರದ ಜಾಗ", ಅದನ್ನು ಮತ್ತೆ ಮತ್ತೆ ಓದಿದೆ.

"ತಾರೀಖು ಬಾರದ ಮನೆಗೆ ಮಳೆ ಬರುತ್ತದೆ.
ಸೋರುವ ಮನೆಯಲ್ಲಿ ಸೋರದ ಜಾಗ ಒಂದೇ.
ಅಲ್ಲಿ ಮಲಗಿದೆ ಕೂಸು."

ಸೋಮವಾರ ಬರೆಯಲು ಏನೂ ಇರಲಿಲ್ಲ, ಅದನ್ನೇ ನಿಮ್ಮ ಹೆಸರು ಹಾಕಿ ಬರೆದೆ. ಸರ್, ಜನ ನಿಂತರು. ಹಾಜರಿ ಹಾಕುವ ಯಂತ್ರದ ಮುಂದೆ ಸಾಲು ಕಟ್ಟುವವರು ಆ ಸಾಲು ಬಿಟ್ಟು ಬಂದು ಓದಿದರು. ಪ್ಯಾಕಿಂಗಿನ ಯಮುನಾ ಕೈಮೇಲೆ ಬರೆದುಕೊಂಡಳು. ಭರಮಪ್ಪಣ್ಣ ಕಣ್ಣೊರೆಸಿಕೊಂಡು, "ಮಾಸ್ತರ್ ಹಿಂಗೂ ಬರೀತಾರಂತ ಗೊತ್ತಿದ್ರ ಅವತ್ತ ಅವರ ಸೈಕಲ್ಲಿನ ಗಾಳಿ ಬಿಡತಿದ್ದಿಲ್ಲ" ಎಂದ. ಅದು ಅವನೇ ಎಂದು ಈಗ ನಿಮಗೂ ಗೊತ್ತಾಯಿತು.

ಇಂಥವು ಇನ್ನೂ ಇದ್ದರೆ ಕಳಿಸಿ. ನಮ್ಮ ಹಲಗೆ ಉಳಿಯುತ್ತದೆ.

ಶಿವಗಂಗಾ

---

ಗೋಣಿಕಟ್ಟಿ,
೧೨ ಮಾರ್ಚ್ ೨೦೨೫

ಶಿವಗಂಗಾ,

ಆ ಪದ್ಯವನ್ನು ಇನ್ನು ಬರೆಯಬೇಡ. ಅಂಥವು ಇನ್ನಿಲ್ಲ. ಸೂರ್ಯನ ಪದ್ಯಗಳನ್ನೇ ಬರೆ, ಅವು ನಿಧಾನಕ್ಕೆ ಒಗ್ಗುತ್ತವೆ.

ಸೈಕಲ್ಲಿನ ವಿಷಯ ನನಗೆ ಆಗಲೇ ಗೊತ್ತಿತ್ತು.

ಚನಬಸಪ್ಪ

---

ಹೆಬ್ಬಗೋಡಿ,
೬ ಏಪ್ರಿಲ್ ೨೦೨೫

ಸರ್ ಅವರಿಗೆ ಶರಣು.

ನಿಮಗೆ ಮೇಜಿನ ವಿಷಯಕ್ಕೆ ಸಿಟ್ಟು ಬಂದಿದೆ ಎಂದು ತಿಳಿಯಿತು. ಈ ಸಲ ಮಾರ್ಕ್ಸ್ ಕೂಡ ಹಾಕಲಿಲ್ಲ. ಪುಸ್ತಕ ತೆಗೆಸಿ ಕಾಲಿಗೆ ಮರದ ಚೂರು ಇಟ್ಟಿದ್ದೇವೆ. ಮೇಜು ಮೊದಲಿನಷ್ಟು ಗಟ್ಟಿ ನಿಲ್ಲುತ್ತಿಲ್ಲ ಎಂದು ಎಲ್ಲರೂ ಗೊಣಗುತ್ತಾರೆ.

ನೀವು ಹೇಳಿದಂತೆ ಸೂರ್ಯನ ಪದ್ಯ ಮೂರು ದಿನ ಬರೆದೆ. ಮೂರನೇ ದಿನ ಯಾರೋ ಅದರ ಕೆಳಗೆ "ಇವತ್ತು ಮೂವತ್ತಾರು ಡಿಗ್ರಿ" ಎಂದು ಬರೆದಿದ್ದರು.

ಅಪ್ಪನಿಗೆ ಫೋನ್ ಮಾಡಿ ನಾನು ಹುಟ್ಟಿದ ದಿನ ಕೇಳಿದೆ. "ಇಸ್ಕೂಲಿನಾಗ ಬರದಾರಲ್ಲ" ಎಂದ. ಅವ್ವ ಇದ್ದಿದ್ದರೆ ಹೇಳುತ್ತಿದ್ದಳು. ನಾನು ಏಳನೇ ಇಯತ್ತೆಯಲ್ಲಿದ್ದಾಗ ಅವಳು ಹೋದದ್ದು ನಿಮಗೆ ಗೊತ್ತೇ ಇದೆ. ಅವಳು ಬದುಕಿದ್ದಾಗ ನಾನು ಕೇಳಲಿಲ್ಲ. ಕೇಳಬೇಕು ಎಂದು ಹೊಳೆಯಲೇ ಇಲ್ಲ, ಶಾಲೆಯಲ್ಲಿ ಬರೆದದ್ದೇ ನಿಜವೆಂದುಕೊಂಡಿದ್ದೆ.

ಒಂದು ವಾರದಿಂದ ಹಲಗೆ ಖಾಲಿ ಇದೆ. ನಿನ್ನೆ ಹರ್ಷವರ್ಧನ್ ಸಾರ್ ಒಬ್ಬನನ್ನು ಕರೆತಂದು ಅಳತೆ ತೆಗೆಸಿದರು, ಟೀವಿಗೆ.

ಶಿವಗಂಗಾ

---

ಹೆಬ್ಬಗೋಡಿ,
೨೮ ಏಪ್ರಿಲ್ ೨೦೨೫

ಸರ್,

ಉತ್ತರ ಬರಲಿಲ್ಲ. ಮೈಯಲ್ಲಿ ಹುಷಾರಿದ್ದೀರಾ? ಭರಮಪ್ಪಣ್ಣನ ತಮ್ಮ ಊರಿಂದ ಬಂದಿದ್ದ. "ಮಾಸ್ತರ್ ಚಲೋ ಅದಾರ, ಕಟ್ಟಿ ಮ್ಯಾಲೆ ಕುಂತಿದ್ರು. ಶಿವಗಂಗಾ ಕೇಳ್ಯಾಳಂದೆ, ಊಟ ಆತು ಅಂದ್ರು" ಎಂದ.

ಅವನು ಕಿವಿಗೆ ಬಾಯಿಟ್ಟೇ ಹೇಳಿದನಂತೆ. ನಿಮಗೆ ಕೇಳಿಸಿದೆ ಎಂದು ನನ್ನ ಅನುಮಾನ.

ಶಿವಗಂಗಾ

---

ಗೋಣಿಕಟ್ಟಿ,
೧೪ ಮೇ ೨೦೨೫

ಚಿ. ಶಿವಗಂಗಾಳಿಗೆ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾರ್ಚಿನಿಂದ ನಾನು ಹೆಗಲು ಮುಟ್ಟಿಕೊಂಡೇ ಕೂತಿದ್ದೇನೆ.

ದಾಖಲೆ ಇಲ್ಲವೆಂದು ಸುಳ್ಳು ಹೇಳಿದೆ. ಈ ಪಾರ್ಸೆಲ್ಲಿನಲ್ಲಿ ಒಂದು ಉದ್ದ ನೋಟುಬುಕ್ಕಿದೆ, ತೆಗೆದು ನೋಡು. ಹೊಸ ಮಗುವನ್ನು ಶಾಲೆಗೆ ಸೇರಿಸಲು ಬಂದವರಿಗೆ ನಾನು ಮೊದಲು ಕೇಳುತ್ತಿದ್ದದ್ದು, ಕೂಸು ಯಾವಾಗ ಹುಟ್ಟಿತು ಎಂದು. ಅವರು ಹೇಳಿದ್ದನ್ನು ಇದರಲ್ಲಿ ಬರೆದುಕೊಳ್ಳುತ್ತಿದ್ದೆ, ಎದುರಿಗೆ ಅವರ ಹೆಬ್ಬೆಟ್ಟು ಒತ್ತಿಸುತ್ತಿದ್ದೆ. ಆಮೇಲೆ ಸರ್ಕಾರಿ ರಿಜಿಸ್ಟರಿನಲ್ಲಿ ಜೂನ್ ಒಂದು. ನಾನೂರ ಹನ್ನೆರಡು ಮಕ್ಕಳಿದ್ದಾರೆ ಇದರಲ್ಲಿ. ಅವರು ತಾರೀಖು ಹೇಳಲಿಲ್ಲ ಎಂದೆನಲ್ಲ, ಅದು ನಿಜ. ಆದರೆ ದಿನ ಹೇಳಿದ್ದರು. ಮಳೆಯ ಹೆಸರೋ ಹಬ್ಬದ ಹೆಸರೋ ಹಿಡಿದು ಹೇಳಿದ್ದರು. ಪಂಚಾಂಗ ತೆಗೆದರೆ ಮಳೆ ಹೊಕ್ಕ ತಾರೀಖು ಸಿಗುತ್ತದೆ, ಅದು ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ. ಲೆಕ್ಕ ಹಾಕುವುದು ಅರ್ಧ ಗಂಟೆಯ ಕೆಲಸವಾಗಿತ್ತು. ಸೋಮಾರಿತನ ಮಾಡಿದೆ.

ಭರಮಪ್ಪನ ಅಪ್ಪ ಹೇಳಿದ್ದು ಇಪ್ಪತ್ತೆರಡನೇ ಪುಟದಲ್ಲಿದೆ: "ಎಮ್ಮಿ ತಪ್ಪಿಸಿಕೊಂಡಿತ್ತು. ಉತ್ತರಿ ಮಳಿ ಹೊಕ್ಕ ದಿನ. ಹುಡುಕಿ ಬರೂದ್ರೊಳಗ ಇಂವ ಬಂದಿದ್ದ. ಎಮ್ಮಿ ಸಿಗಲಿಲ್ಲ." ಈಶಪ್ಪನ ಅವ್ವ: "ಸೀಗಿ ಹುಣ್ಣಿಮಿ. ಕಡುಬು ಜಾಸ್ತಿ ತಿಂದೇನಿ, ಅದಕ್ಕ ಹೊಟ್ಟಿ ನೋಯಾಕತ್ತೈತಿ ಅಂತ ತಿಳದಿದ್ದೆ."

ಇಷ್ಟನ್ನು ಯಾಕೆ ಬಚ್ಚಿಟ್ಟೆ ಎಂದು ಕೇಳುತ್ತೀಯ. ಮಗಳೇ, ನಾನು ಕವಿಯಾಗಬೇಕೆಂದು ಬಹಳ ಆಸೆಪಟ್ಟವನು. ಸೂರ್ಯನ ಮೇಲೆ ಬರೆದೆ, ಕೇಳಿದವರು ಆಕಳಿಸಿದರು. ಒಂದು ದಿನ ಈ ನೋಟುಬುಕ್ಕಿನಿಂದ ನಾಲ್ಕು ಮಾತು ಎತ್ತಿಕೊಂಡು, ಶುದ್ಧ ಭಾಷೆಗೆ ತಿರುಗಿಸಿ, ತಾಲ್ಲೂಕಿನ ಕವಿಗೋಷ್ಠಿಯಲ್ಲಿ ಓದಿದೆ. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು. ಆ ಶಾಲು ಈಗಲೂ ಚಳಿಗೆ ಹೊದೆಯುತ್ತೇನೆ. "ಮೂರನೆಯ ಗಂಟೆ"ಯಲ್ಲಿ ಅಂಥ ಪದ್ಯ ಆರು ಇವೆ. ಯಾವುವು ನನ್ನವು ಎಂದು ಕಂಡುಹಿಡಿಯುವುದು ಸುಲಭ. ಕೆಟ್ಟವೆಲ್ಲ ನನ್ನವು.

ನಿನ್ನ ಹಲಗೆಯ ಮೇಲೆ ನನ್ನ ಹೆಸರಿನಲ್ಲಿ ಜನ ಓದಿದ್ದು ಯಾರ ಮಾತು ಎಂದು ಅರವತ್ತೊಂದನೇ ಪುಟದಲ್ಲಿದೆ. ಬೇವಿನ ಕಡ್ಡಿ ಇಟ್ಟು ಗುರುತು ಮಾಡಿದ್ದೇನೆ. ಅದನ್ನು ಕೊನೆಗೆ ಓದು.

ಇತಿ,
ಚನಬಸಪ್ಪ

---

ಹೆಬ್ಬಗೋಡಿ,
೨೧ ಮೇ ೨೦೨೫

ಸರ್,

ಕೊನೆಗೆ ಓದು ಎಂದರೆ ಯಾರು ಕೊನೆಗೆ ಓದುತ್ತಾರೆ? ಮೊದಲು ಅದನ್ನೇ ತೆಗೆದೆ.

"ಶೇಖವ್ವ. ಮಗಳು ಶಿವಗಂಗಾ. ತಾರೀಖು ನಮ್ಮ ಮನಿಗೆ ಬರೂದಿಲ್ರಿ ಸರ, ಮಳಿ ಬರತೈತಿ. ರೋಹಿಣಿ ಮಳಿ ಹೊಕ್ಕ ಎಂಟನೇ ದಿನ. ಮನಿ ತುಂಬ ಸೋರತಿತ್ತು. ಸೋರದ ಜಾಗ ಒಂದ ಇತ್ತು. ಅಲ್ಲಿ ಈಕಿನ್ನ ಹಾಕಿದೆ, ನಾ ತೊಯ್ಸಿಕೊಂಡೆ."

ಅವಳ ಹೆಬ್ಬೆಟ್ಟಿನ ಮೇಲೆ ನನ್ನ ಹೆಬ್ಬೆಟ್ಟು ಇಟ್ಟು ನೋಡಿದೆ. ನನ್ನದು ದೊಡ್ಡದಿದೆ.

ಇಪ್ಪತ್ತೆಂಟು ವರ್ಷ ಇದು ನಿಮ್ಮ ಟ್ರಂಕಿನಲ್ಲಿತ್ತು. ಅವ್ವ ಸತ್ತ ವರ್ಷವೂ ಇತ್ತು. ನಾನು ಕಿಟಕಿಯ ಪಕ್ಕ ಕೂತು ಅಳುತ್ತಿದ್ದಾಗ ನೀವು ಬಂದು ತಲೆ ಸವರಿ ಹೋದಿರಿ. ಅವತ್ತು ಇದನ್ನು ಓದಿ ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ನನಗೆ ನಿಮ್ಮ ಮೇಲೆ ಬಹಳ ಸಿಟ್ಟು ಬಂದಿದೆ. ಮತ್ತೆ "ನಾ ತೊಯ್ಸಿಕೊಂಡೆ" ಎಂಬ ಮಾತನ್ನು ಪದ್ಯದಲ್ಲಿ ಯಾಕೆ ಬಿಟ್ಟಿರಿ? ಮುಖ್ಯವಾದದ್ದು ಅದೇ ಅಲ್ಲವೇ? ಕದಿಯುವವರು ಪೂರ್ತಿಯಾದರೂ ಕದಿಯಬೇಕು.

ನಿಮಗೆ ಹತ್ತಕ್ಕೆ ಸೊನ್ನೆ ಹಾಕಬೇಕೆಂದಿದ್ದೆ. ಎರಡು ದಿನ ಬಿಟ್ಟು ನೋಡುತ್ತೇನೆ.

ಶಿವಗಂಗಾ

---

ಗೋಣಿಕಟ್ಟಿ,
೨೪ ಮೇ ೨೦೨೫

ಶಿವಗಂಗಾ,

ಭರಮಪ್ಪನ ತಮ್ಮನ ಕೈಯಲ್ಲಿ ಸ್ಪೀಡ್ ಪೋಸ್ಟ್ ಮಾಡಿಸುತ್ತಿದ್ದೇನೆ, ಜೂನ್ ಒಂದರೊಳಗೆ ಮುಟ್ಟಬೇಕು.

ನೀನು ಬೈದದ್ದು ಸರಿ. ಬಿಟ್ಟ ಸಾಲಿನ ವಿಷಯವೂ ಸರಿ. ಅವತ್ತು ಅದು ನನಗೆ ಪದ್ಯಕ್ಕೆ ಹೆಚ್ಚಾಯಿತು ಅನ್ನಿಸಿತ್ತು. ನಾನು ಎಂಥ ಕವಿ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಸಿಟ್ಟಿನಲ್ಲಿ ನೀನು ಲೆಕ್ಕ ಹಾಕಿರಲಿಕ್ಕಿಲ್ಲ. ನಾನು ಹಾಕಿದೆ. ಹಳೆಯ ಪಂಚಾಂಗ ತೆಗೆದು ಮೂರು ಸಲ ನೋಡಿದೆ. ರೋಹಿಣಿ ಮಳೆ ಹೊಕ್ಕದ್ದು ಮೇ ಇಪ್ಪತ್ತೈದಕ್ಕೆ. ಅದನ್ನು ಒಂದು ಎಂದು ಹಿಡಿದು ಬೆರಳು ಮಡಿಚು. ಎಂಟನೇ ದಿನ ಜೂನ್ ಒಂದು.

ಮೂವತ್ತಾರು ವರ್ಷ ನೌಕರಿ ಮಾಡಿ ನಾನು ಸರಿಯಾಗಿ ಬರೆದ ಜನ್ಮದಿನ ಒಂದೇ, ನಿನ್ನದು. ಅದೂ ಗೊತ್ತಿಲ್ಲದೆ.

ಆದ್ದರಿಂದ ಆ ದಿನದ ಮೇಲೆ ನನ್ನ ಹಕ್ಕು ಬಿಟ್ಟಿದ್ದೇನೆ. "ಮಿತಭಾಷಿ" ಎಂದು ಬರೆದ ಚೀಟಿ ಹರಿದುಹಾಕು. ನನ್ನವ್ವ ಏನು ಹೇಳಿದ್ದಳು ಎಂದು ನನ್ನ ಮಾಸ್ತರರು ಬರೆದಿಡಲಿಲ್ಲ. ಎಪ್ಪತ್ತೇಳಾಯಿತು ಎನ್ನುತ್ತಾರೆ, ಅದೂ ಅವರು ಹೇಳಿದ್ದೇ.

ಚನಬಸಪ್ಪ

---

ಹೆಬ್ಬಗೋಡಿ,
೨ ಜೂನ್ ೨೦೨೫

ಸರ್ ಅವರಿಗೆ ಶರಣು.

ನಿಮ್ಮ ಪತ್ರ ಗುರುವಾರ ಬಂತು. ನಾಗಲಕ್ಷ್ಮಮ್ಮನವರೇ ತಂದುಕೊಟ್ಟು, "ಇನ್ನೂ ರಾಜಿ ಆಗ್ಲಿಲ್ವಾ ಕಣವ್ವಾ?" ಎಂದರು. ಪತ್ರ ಓದಿ, ಬಾಗಿಲಲ್ಲೇ ನಿಂತು ಎಂಟು ಬೆರಳು ಮಡಿಚಿದೆ. ಫೆಬ್ರವರಿಯಿಂದ ಸುಳ್ಳು ಎಂದುಕೊಂಡಿದ್ದು ನಿಜವಾದಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಎರಡೂ ಆಯಿತು. ಅವರು ಹೆದರಿ ನೀರು ತಂದುಕೊಟ್ಟರು.

ಆ ಸಂಜೆಯೇ ಒಂಬತ್ತು ಜನರನ್ನು ಕ್ಯಾಂಟೀನಿನಲ್ಲಿ ಕೂರಿಸಿ ಅವರವರ ಪುಟ ಓದಿದೆ. ಭರಮಪ್ಪಣ್ಣ ಎಮ್ಮೆಯ ಮಾತನ್ನು ಇನ್ನೊಮ್ಮೆ ಓದಿಸಿಕೊಂಡ. ಆಮೇಲೆ, "ಅದಕ್ಕ ಅಪ್ಪ ನನ್ನ ನೋಡಿದಾಗೆಲ್ಲಾ ಉಸ್ಸಂತಿದ್ದ" ಎಂದ. ಈಶಪ್ಪಣ್ಣ ತಾನು ಕಡುಬಲ್ಲ ಎಂದು ಎಲ್ಲರಿಗೂ ಸಾಬೀತು ಮಾಡುತ್ತಿದ್ದಾನೆ. ಒಂಬತ್ತು ಜನರಿಗೂ ಬೇರೆ ಬೇರೆ ದಿನ ಸಿಕ್ಕಿತು, ಜೂನ್ ಒಂದು ಬಿಟ್ಟುಕೊಟ್ಟರು. ಆಗ ಹೇಳಿದೆ, ಅದು ಭಾನುವಾರ ಎಂದು. ಮೂರು ತಿಂಗಳು ಬಡಿದಾಡಿದ್ದು ರಜೆಯ ದಿನಕ್ಕೆ ಎಂದು ತಿಳಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಿನ್ನೆ ಬೆಳಿಗ್ಗೆ ಗೇಟು ಮುಚ್ಚಿತ್ತು. ಹಲಗೆ ಹೊರಗಡೆಯೇ ಇರುವುದರಿಂದ ತೊಂದರೆ ಇರಲಿಲ್ಲ. ಒಬ್ಬಳೇ ಹೋಗಿ ಬರೆದು ಬರೋಣ ಎಂದು ಹೋದೆ. ನೋಡಿದರೆ ಒಂಬತ್ತೂ ಜನ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ನಿಂತಿದ್ದರು. ಯಮುನಾ ಮಂಡಕ್ಕಿ ತಂದಿದ್ದಳು. ನಾನು ಬರೆದೆ. ಬಲಗೈ ಬಿಟ್ಟು ಎಡಗೈಯಲ್ಲಿ ಬರೆದೆ. ತಪ್ಪಾಗಿದ್ದರೆ ಕ್ಷಮಿಸಿ.

"ಸಾಹಿತ್ಯ ಚರಿತ್ರೆಯಲ್ಲಿ ಈ ದಿನ: ಗೋಣಿಕಟ್ಟಿಯ ಶೇಖವ್ವ ತನ್ನ ಮಗಳನ್ನು ಹೆತ್ತಳು. ಆ ದಿನದ ಬಗ್ಗೆ ಅವಳು ಹೇಳಿದ್ದು..." ಎಂದು ಬರೆದು ಅವ್ವನ ಮಾತು ಒಂದಕ್ಷರ ಬಿಡದೆ ಬರೆದೆ, ತೊಯ್ಸಿಕೊಂಡದ್ದನ್ನೂ ಸೇರಿಸಿ.

"ಬರೆಯುವವರಿಗೆ ಒಂದು ಮಾತು: ಎದುರಿಗಿದ್ದವರು ಮಾತಾಡುವಾಗ ಬರೆದುಕೊಳ್ಳಿ. ಅವರ ಹೆಸರನ್ನೂ ಬರೆದುಕೊಳ್ಳಿ."

ಎರಡನೆಯದು ನಿಮಗೇ ಹೇಳಿದ್ದು ಎಂದು ನಿಮಗೆ ಗೊತ್ತಾಗುತ್ತದೆ.

ಅಷ್ಟರಲ್ಲಿ ಹರ್ಷವರ್ಧನ್ ಸಾರ್ ಬೈಕಿನಲ್ಲಿ ಏದುಸಿರು ಬಿಡುತ್ತ ಬಂದರು, ಚಪ್ಪಲಿಯಲ್ಲೇ. ರಜೆಯ ದಿನ ಗೇಟಿನ ಮುಂದೆ ಕಾರ್ಮಿಕರು ಗುಂಪು ಸೇರಿದ್ದಾರೆ ಎಂದು ಎದುರಿನ ಬೇಕರಿಯವರು ಫೋನ್ ಮಾಡಿದ್ದರಂತೆ. ಮುಷ್ಕರ ಎಂದೇ ತಿಳಿದಿದ್ದರು. "ಏನ್ರೀ ಇದು, ಡಿಮ್ಯಾಂಡ್ ಏನಿದ್ರೂ ಕೂತು ಮಾತಾಡೋಣ" ಎಂದರು. ಈಶಪ್ಪಣ್ಣ ಹಲಗೆ ತೋರಿಸಿದ. ಸಾರ್ ಓದಿದರು. ಇನ್ಯಾವುದೋ ಬೇಡಿಕೆ ಇದೆಯೇನೋ ಎಂದು ಮತ್ತೊಮ್ಮೆ ಓದಿದರು. ಆಮೇಲೆ ದನಿ ಇಳಿಸಿ ಕೇಳಿದರು, "ಈ ಶೇಖವ್ವ ಅನ್ನೋರು ಯಾರು? ಅವ್ರ ಬೇರೆ ಬುಕ್ಸ್ ಇದ್ಯಾ?"

ಭರಮಪ್ಪಣ್ಣ ನನ್ನ ಕಡೆ ಕೈ ಮಾಡಿ ಹೇಳಿದ, "ಒಂದ ಐತ್ರಿ ಸರ. ಇಲ್ಲೇ ನಿಂತೈತಿ ನೋಡ್ರಿ."

ಟೀವಿಯನ್ನು ಕ್ಯಾಂಟೀನಿಗೆ ಹಾಕುತ್ತಾರಂತೆ, ಕ್ರಿಕೆಟ್ಟಿಗೆ. ಹಲಗೆ ಉಳಿಯಿತು, ಸರ್. ಇನ್ನು ದಿನಕ್ಕೊಬ್ಬರ ಅಪ್ಪ, ಇಲ್ಲವೇ ಅವ್ವ. ನಾನೂರ ಹನ್ನೆರಡು ಜನ ಇದ್ದಾರೆ, ವರ್ಷಕ್ಕೆ ಸಾಕಾಗಿ ಮಿಗುತ್ತಾರೆ. ಇವತ್ತು ಬೆಳಿಗ್ಗೆ ಪ್ಯಾಕಿಂಗಿನ ಎರಡು ಹುಡುಗಿಯರು ಬಂದು ತಮ್ಮ ಅವ್ವಂದಿರಿಗೆ ಫೋನ್ ಮಾಡಿ ಕೇಳಿ ಬರೆದುಕೊಂಡದ್ದನ್ನು ಕೊಟ್ಟರು. ಅವ್ವಂದಿರು ಇರುವಾಗಲೇ ಕೇಳಿದರಲ್ಲ ಎಂದು ನನಗೆ ಹೊಟ್ಟೆಕಿಚ್ಚಾಯಿತು, ಖುಷಿಯೂ ಆಯಿತು.

ಉಳಿದದ್ದು ನಿಮ್ಮ ಜನ್ಮದಿನ. ಸಂಘದಲ್ಲಿ ಚರ್ಚಿಸಿ ತೀರ್ಮಾನಿಸಿದ್ದೇವೆ. ನೀವು ನೋಟುಬುಕ್ಕಿನ ಜೊತೆ ಆ ಪತ್ರ ಬರೆದದ್ದು ಮೇ ಹದಿನಾಲ್ಕರಂದು. ನೀವು ಬರೆದದ್ದರಲ್ಲಿ ಪೂರ್ತಿ ನಿಮ್ಮದೇ ಆಗಿದ್ದೂ ಚೆನ್ನಾಗಿರುವುದು ಅದೊಂದೇ. ಆದ್ದರಿಂದ ಲೇಖಕ ಚನಬಸಪ್ಪನವರು ಹುಟ್ಟಿದ ದಿನ ಮೇ ಹದಿನಾಲ್ಕು. ಈ ವರ್ಷದ್ದು ಕಳೆದುಹೋಯಿತು. ಮುಂದಿನ ವರ್ಷ ಹಲಗೆಯಲ್ಲಿ ಬರುತ್ತದೆ, ಅಲ್ಲಿಯವರೆಗೆ ನೀವು ಗಟ್ಟಿಯಾಗಿರಬೇಕು. ಇದಕ್ಕೆ ಊಟ ಆತು ಎಂದು ಉತ್ತರ ಕೊಡುವಂತಿಲ್ಲ.

ನಿಮಗೆ ಹತ್ತಕ್ಕೆ ಒಂಬತ್ತು. ಒಂದು ಕಳೆದದ್ದು ತಡವಾಗಿ ತಂದದ್ದಕ್ಕೆ.

ಶೇಖವ್ವನ ಮಗಳು,
ಶಿವಗಂಗಾ
ಜನನ: ಜೂನ್ ಒಂದು, ಖರೇನ